ಮನೋಹರನ ಮೀಸೆ ಮತ್ತು ಕೊನೆಯ ಪುಟ

ಬಹಳ ಹಿಂದೆ, ಬಳಪ ಇರುವುದು ಬರೆಯಲಿಕ್ಕೋ ತಿನ್ನಲಿಕ್ಕೋ ಎಂಬುದು ಮಗಳು ಧರಣಿಗೆ ಇನ್ನೂ ಇತ್ಯರ್ಥವಾಗಿರದ ಕಾಲದಲ್ಲಿ, ಮನೋಹರ ಮೈಸೂರಿನ ಕೆಸರೆಯಲ್ಲಿ ತನ್ನ ಬೀದಿಯ ಮಧ್ಯೆ ನಿಂತು ಒಂದು ಮಾತು ಕೊಟ್ಟಿದ್ದ.

ಅದಕ್ಕೆ ಕಾರಣ ಎದುರುಮನೆಯ ನಿಂಗಯ್ಯ. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದ ಮೇಲೂ ಅವರು ಕೊರಳಿನಿಂದ ಸೀಟಿ ತೆಗೆದಿರಲಿಲ್ಲ. ಆ ದಿನ ಅವರು, "ಈಗಿನ ಮಕ್ಳು ಎಲ್ಲಿ ಓದ್ತಾವೆ ಬುಡಪ್ಪ! ಮೊಬೈಲ್ ಉಜ್ಜೋದು ಒಂದ್ ಗೊತ್ತು" ಅಂದರು. ಮನೋಹರನಿಗೆ ರೇಗಿತು. ಮೀಸೆಯ ತುದಿ ಹುರಿ ಮಾಡಿದ.

"ಕೇಳಿಸ್ಕೊಳ್ಳಿ ನಿಂಗಯ್ಯೋರೆ. ನನ್ ಮಗ್ಳು ಎರಡನೇ ಕ್ಲಾಸು ಮುಗಿಸಿದ ವರ್ಷ, ಬೇಸಿಗೆ ರಜ ಕಳೆದು ಸ್ಕೂಲ್ ಬಾಗ್ಲು ತೆಗೆಯೋದ್ರೊಳಗೆ, ಒಂದು ಪುಸ್ತಕಾನ ರಟ್ಟಿಂದ ರಟ್ಟಿಗೆ ತಾನೇ ಓದಿ ಮುಗಿಸ್ತಾಳೆ. ಮುಗಿಸ್ಲಿಲ್ಲ ಅಂದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಇದೇ ಬೀದೀಲಿ ನಡೀತೀನಿ!"

ಬೀದಿಯವರು ಚಪ್ಪಾಳೆ ತಟ್ಟಿದರು. ಮನೋಹರ ಮನೆಗೆ ಹೋಗಿ ಊಟ ಮಾಡಿ ಮಲಗಿ ಮರೆತುಬಿಟ್ಟ. ಬೀದಿ ಮರೆಯಲಿಲ್ಲ. ಅಂದಿನಿಂದ ಧರಣಿ ಹಾಲಿಗೆ ಹೋದರೂ ಸೊಪ್ಪಿಗೆ ಹೋದರೂ ಯಾರಾದರೊಬ್ಬರು ಅವಳ ಗಲ್ಲ ಹಿಂಡಿ, "ಓದವ್ವ, ಓದು. ನೀನ್ ಓದ್ಲಿಲ್ಲ ಅಂದ್ರೆ ನಿಮ್ಮಪ್ಪನ ಅರ್ಧ ಮೀಸೆ ಹೋಯ್ತದೆ" ಎಂದು ಪ್ರೋತ್ಸಾಹ ಕೊಡುತ್ತಿದ್ದರು.

ಹೋಗಲಿ ಎನ್ನುವಂಥ ಮೀಸೆಯಲ್ಲ ಅದು. ಹಳೆಯ ಸ್ಕೂಟರಿನ ಹ್ಯಾಂಡಲ್ಲಿನ ಹಾಗೆ ಎರಡೂ ಕಡೆ ಅಗಲವಾಗಿ ಹೋಗಿ ತುದಿಯಲ್ಲಿ ಮೇಲಕ್ಕೆ ತಿರುಗಿತ್ತು. ಅದರ ಹಿಂದೆ ಇದ್ದ ಬಡಕಲು ಮನೋಹರ, ಮೀಸೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಮಾಡಿಸಿದ ಸ್ಟ್ಯಾಂಡಿನಂತೆ ಕಾಣುತ್ತಿದ್ದ. ಅವನು ಕೆಲಸ ಮಾಡುವ ಟೈಲ್ಸ್ ಅಂಗಡಿಯ ಮಾಲೀಕರು ಬುಧವಾರ ರಾಜೀವನಗರದಲ್ಲಿ ಹೊಸ ಶೋರೂಂ ತೆರೆಯುವವರಿದ್ದರು. ಬಾಗಿಲಲ್ಲಿ ಮೈಸೂರು ಪೇಟ ತೊಟ್ಟು ಅತಿಥಿಗಳನ್ನು ಸ್ವಾಗತಿಸುವ ಗೌರವ ಮನೋಹರನದು. "ಟೈಲ್ಸ್ ಯಾರ್ ಬೇಕಾದ್ರೂ ಮಾರ್ತಾರೆ ಕಣ್ರೀ. ಬಾಗ್ಲಲ್ಲಿ ಒಂದು ಮೀಸೆ ಬೇಕು" ಎಂದು ಮಾಲೀಕರು ಹೇಳಿದ್ದರು. ಅದು ನಡೆದರೆ ಮನೋಹರ ಆ ಶೋರೂಮಿನ ಉಸ್ತುವಾರಿ. ಇಲ್ಲದಿದ್ದರೆ ಹಳೇ ಗೋಡೌನಿನಲ್ಲಿ ಒಡೆದ ಟೈಲ್ಸ್ ವಿಂಗಡಿಸುವ ಕೆಲಸ.

ಧರಣಿ ಎರಡನೇ ಕ್ಲಾಸು ಮುಗಿಸಿದಳು. ರಜ ಬಂತು. ಮನೋಹರ ವಾರವಾರ ಲೈಬ್ರರಿಯಿಂದ ಚೀಲ ತುಂಬ ಮಕ್ಕಳ ಪುಸ್ತಕ ಹೊತ್ತು ತಂದ. ಟಿವಿ ರಿಮೋಟಿನ ಜಾಗದಲ್ಲಿ ಪುಸ್ತಕ ಇಟ್ಟ. ಫ್ರಿಜ್ಜಿನಲ್ಲಿ ಮಾವಿನಹಣ್ಣಿನ ಪಕ್ಕ ಇಟ್ಟ. ದಿಂಬಿನ ಕವರಿನೊಳಗೆ ಇಟ್ಟು ತಾನೇ ಕತ್ತು ಹಿಡಿಸಿಕೊಂಡ. ಹುಡುಗಿ ಓದುವುದೇನೋ ಓದುತ್ತಿದ್ದಳು. ಆದರೆ "ಮುಗೀತಾ ಚಿನ್ನ?" ಎಂದರೆ, "ಇಲ್ಲಪ್ಪ, ಬೇರೆ ತಗೊಂಡ್ ಬಾ" ಅನ್ನುತ್ತಿದ್ದಳು.

ಹೀಗೆ ರಜದ ಕೊನೆಯ ದಿನ ಬಂತು. ಸೋಮವಾರ. ಮರುದಿನ ಸ್ಕೂಲು.

ಮನೋಹರ ಅಂಗಡಿಗೆ ರಜ ಹಾಕಿದ. ಬೆಳಿಗ್ಗೆ ಬಾಗಿಲು ತೆಗೆದರೆ ನಿಂಗಯ್ಯ ಆಗಲೇ ಜಗುಲಿಯೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಾನೇನ್ ಮಾತಾಡಲ್ಲಪ್ಪ. ಸುಮ್ನೆ ಚೆಕಿಂಗು" ಅಂದರು.

ಧರಣಿ ಜಗುಲಿಯ ಮೇಲೆ ಕೂತು ತೆಳ್ಳನೆಯ ಒಂದು ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು. ಮೈಯೆಲ್ಲ ಸುಕ್ಕು ಎಂದು ನಾಚಿಕೊಂಡ ಆನೆಯೊಂದು ಇಸ್ತ್ರಿ ಅಂಗಡಿಗೆ ಹೋಗುತ್ತದೆ. ಮೇಜಿನ ಮೇಲೆ ಮಲಗುತ್ತದೆ. ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ತುಂಬುತ್ತಾನೆ, ಆನೆಯ ಬೆನ್ನಿಗೆ ನೀರು ಚಿಮುಕಿಸುತ್ತಾನೆ, ಪೆಟ್ಟಿಗೆ ಎತ್ತುತ್ತಾನೆ...

ಧರಣಿ ಪುಸ್ತಕ ಮುಚ್ಚಿದಳು.

"ಯಾಕೆ ಚಿನ್ನ?"

"ಸಾಕು. ಇನ್ನೊಂದೇ ಪೇಜ್ ಇರೋದು."

"ಒಂದೇ ಪೇಜಲ್ವಾ, ಓದ್ಬುಡು ಮತ್ತೆ!"

"ಆಮೇಲೆ."

ಮನೋಹರ ನಿಂಗಯ್ಯನ ಕಡೆ ನೋಡಿ ನಕ್ಕ. ಇಡೀ ದಿನ ಕೈಯಲ್ಲಿದೆ, ಉಳಿದದ್ದು ಒಂದು ಪುಟ. ಒಳಗೆ ಹೋಗಿ ಮೀಸೆಗೆ ಎಣ್ಣೆ ಹಚ್ಚಿಕೊಂಡ.

ಹೊತ್ತು ಏರಿದರೂ ಧರಣಿ ಪುಸ್ತಕ ಮುಟ್ಟದಿದ್ದಾಗ ಆಸೆ ತೋರಿಸತೊಡಗಿದ. ಮೊದಲು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ. "ತಿಂದ್ಬುಟ್ಟು ಓದ್ತೀನಿ" ಎಂದಳು. ತಿಂದಳು. ಇನ್ನೊಂದು ಕೇಳಿದಳು, ಅದನ್ನೂ ತಿಂದಳು. ಮನೆಗೆ ಬಂದು, "ಅಪ್ಪ, ಹೊಟ್ಟೆ ತುಂಬಿದ್ರೆ ಅಕ್ಷರ ಕಾಣಲ್ಲ" ಎಂದು ಮಲಗಿಬಿಟ್ಟಳು. ಮನೋಹರ ಮಂಚದ ಪಕ್ಕ ಪುಸ್ತಕ ಹಿಡಿದು, ಕೊನೇ ಸ್ಟಾಪಿನಲ್ಲಿ ಬಸ್ಸು ಕಾಯುವವನ ಹಾಗೆ ನಿಂತ.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಲಿಂಗಮ್ಮ ಬಂದರು. ಬೀದಿಯಲ್ಲಿ ಯಾರಿಗೆ ಏನೇ ಆದರೂ ಮೊದಲು ಬರುವವರು ಅವರು. ಕೆಲವೊಮ್ಮೆ ಆಗುವ ಮೊದಲೇ ಬರುತ್ತಿದ್ದರು.

"ಕೂಸಿಗೆ ದೃಷ್ಟಿ ಆಗ್ಯದೆ ಕಣಪ್ಪ. ಅಷ್ಟೊಂದ್ ಓದಿ ಒಂದೇ ಪೇಜಿಗೆ ನಿಲ್ತದೆ ಅಂದ್ರೆ ಇನ್ನೇನು?"

"ಅವ್ವ, ಅದೆಲ್ಲ ಬೇಡ..."

ಅವರು ಆಗಲೇ ಮೆಣಸಿನಕಾಯಿ ನೀವಾಳಿಸಿ ಕೆಂಡಕ್ಕೆ ಹಾಕಿದ್ದರು. ಹೊಗೆ ಮನೆ ತುಂಬಿತು, ಬೀದಿಗೆ ಹೋಯಿತು. ಚೆಕಿಂಗಿಗೆ ಕೂತಿದ್ದ ನಿಂಗಯ್ಯ ಕುರ್ಚಿ ಸಮೇತ ಓಡಿದರು. ಧರಣಿ ಕಣ್ಣು ಉಜ್ಜಿಕೊಳ್ಳುತ್ತ ಎದ್ದು, "ಕಣ್ಣುರಿ ಅಪ್ಪ. ಇನ್ನ್ ಎಂಗೆ ಓದೋದು?" ಅಂದಳು. ಪುಟ್ಟಲಿಂಗಮ್ಮ ಸಂತೋಷದಿಂದ, "ನೋಡ್ದಾ, ಎಷ್ಟು ಘಾಟು! ದೃಷ್ಟಿ ಪೂರ್ತಿ ಬುಟ್ಟೋಯ್ತು" ಎಂದರು.

ಹೆಂಡತಿ ಸುಷ್ಮಿತಾ ಕೆಮ್ಮಿ ಮುಗಿಸಿ ಒಂದು ಸಲಹೆ ಕೊಟ್ಟಳು. "ರೀ, ಮಗೂಗೆ ಕುತೂಹಲ ಬರ್ಬೇಕು. ಕತೆ ಮಾಡಿ ತೋರ್ಸಿ. ಕೊನೇಲಿ ಏನಾಗುತ್ತೋ ಅಂತ ಅವಳಿಗೇ ಅನ್ನಿಸ್ಲಿ."

ಹೀಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ, ಟೈಲ್ಸ್ ಅಂಗಡಿಯ ಸೀನಿಯರ್ ಸೇಲ್ಸ್‌ಮನ್ ಮನೋಹರ ಬೂದು ಕಂಬಳಿ ಹೊದ್ದು, ಬೀದಿಗೆ ತಂದಿಟ್ಟ ಊಟದ ಮೇಜಿನ ಮೇಲೆ ಬೋರಲು ಮಲಗಿದ. ಮಕ್ಕಳು ಸೇರಿದರು. ಮಕ್ಕಳನ್ನು ಕರೆಯಲು ಬಂದ ತಾಯಂದಿರು ಅಲ್ಲೇ ನಿಂತರು. ಮನೋಹರ ಒಂದು ಕೈಯನ್ನು ಸೊಂಡಿಲು ಮಾಡಿ ಘೀಳಿಟ್ಟ. ಇಸ್ತ್ರಿಯವನ ಪಾತ್ರಕ್ಕೆ ಪುಟ್ಟಲಿಂಗಮ್ಮ ತಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ತಂದು ಅವನ ಬೆನ್ನ ಮೇಲಿಟ್ಟರು.

ಎರಡನೆಯ ಘೀಳು ಮೊದಲನೆಯದಕ್ಕಿಂತ ಬಹಳ ಸಹಜವಾಗಿತ್ತು.

"ಅವ್ವಾ! ಬಿಸಿ ಮಾಡ್ಕೊಂಡ್ ಬಂದ್ರಾ?"

"ತಣ್ಣಗಿರೋ ಪೆಟ್ಗೇಲಿ ಎಂಥ ಇಸ್ತ್ರಿನಪ್ಪ? ಕೂಸು ನಂಬ್ಬೇಡ್ವಾ?"

ಆ ಹೊತ್ತಿಗೇ ಸರಿಯಾಗಿ ಮಾಲೀಕರ ವೀಡಿಯೋ ಕಾಲ್ ಬಂತು. ಸುಷ್ಮಿತಾ ಫೋನು ಹಿಡಿದಳು. ಕಂಬಳಿಯಿಂದ ಸಣ್ಣಗೆ ಹೊಗೆಯಾಡುತ್ತಿತ್ತು.

"ಏನ್ರೀ ಮನೋಹರ್, ಮೀಸೆ ಹೆಂಗಿದೆ?"

"ಮೀಸೆ ಚೆನ್ನಾಗಿದೆ ಸಾರ್. ಬೆನ್ನು ಸುಟ್ಟೋಯ್ತು."

"ಬೆನ್ ಯಾರಿಗ್ ಬೇಕ್ರೀ! ಬುಧವಾರ ಗೋಡೆಗೆ ಒರಗಿ ನಿಂತ್ಕೊಳ್ಳಿ" ಎಂದು ಅವರು ಫೋನಿಟ್ಟರು.

ಧರಣಿ ನಕ್ಕು ನಕ್ಕು ಸುಸ್ತಾದಳು. "ಚೆನ್ನಾಗಿತ್ತಪ್ಪ, ಇನ್ನೊಂದ್ ಸಲ ಮಾಡು!"

"ಈಗ ಕೊನೇ ಪೇಜ್ ನೋಡೋಣ್ವಾ ಚಿನ್ನ?"

"ಊಹೂಂ."

ಮನೋಹರನ ಸಹನೆ ಮುಗಿಯಿತು. ತಾನೇ ಪುಸ್ತಕ ಕಸಿದುಕೊಂಡು ಕೊನೆಯ ಪುಟ ತೆರೆದು, "ಆಗ ಆ ಇಸ್ತ್ರಿಯವನು..." ಎಂದ.

ಸೀಟಿ ಮೊಳಗಿತು. "ಹೋಲ್ಡಾನ್!" ಹೊಗೆ ಇಳಿದ ಮೇಲೆ ಕುರ್ಚಿ ಸಮೇತ ವಾಪಸು ಬಂದಿದ್ದ ನಿಂಗಯ್ಯ ಎದ್ದು ನಿಂತಿದ್ದರು. "ಮಗು ಪುಸ್ತಕ ಮಗೂನೇ ಓದ್ಬೇಕು. ಒಬ್ಬರ ಪಾಸಲ್ಲಿ ಇನ್ನೊಬ್ರು ಹತ್ತಂಗಿಲ್ಲ."

ಬೀದಿ ಹೌದು ಹೌದು ಎಂದಿತು. ಮನೋಹರ ಪುಸ್ತಕ ಹಿಂದಕ್ಕೆ ಕೊಟ್ಟ. ಧರಣಿ ಅದನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಬೀದಿ ಕೊನೆಯ ಸಲೂನಿನ ಮಂಟಯ್ಯ ಬಂದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಕತ್ತಿ, ಬಟ್ಟಲು.

"ಯಾರ್ ಕರೆದ್ರು ನಿನ್ನ?" ಎಂದ ಮನೋಹರ.

"ಯಾರೂ ಕರೀಲಿಲ್ಲ ಸಾ. ನಾಳೆ ಮಂಗಳವಾರ, ಸಲೂನ್ ಬಂದ್. ನಾನ್ ಕತ್ತಿ ಮುಟ್ಟಲ್ಲ. ಇವತ್ತೂ ಅಷ್ಟೇ, ದೀಪ ಹಚ್ಚಿದ್ ಮೇಲೆ ಮುಟ್ಟಲ್ಲ. ಏನ್ ಮಾಡ್ಸೋದಿದ್ರೂ ಈಗ್ಲೇ ಮಾಡಿಸ್ಕೊಂಡ್ಬುಡಿ."

ಇದನ್ನು ಯಾರೂ ಯೋಚಿಸಿರಲಿಲ್ಲ. ಬೀದಿ ಗುಂಪುಗೂಡಿ ಚರ್ಚೆಗಿಳಿಯಿತು. "ಸ್ಕೂಲ್ ಬಾಗ್ಲು ತೆಗೆಯೋದು ನಾಳೆ ಬೆಳಿಗ್ಗೆ ತಾನೇ? ಅಲ್ಲೀವರ್ಗೂ ಟೈಮಿದೆ" ಎಂದ ಮನೋಹರ.

"ಟೈಮಿದೆ, ಕತ್ತಿ ಇಲ್ವಲ್ಲಪ್ಪ" ಎಂದರು ನಿಂಗಯ್ಯ. "ನಾಳೆ ಮಾತು ತಪ್ತು ಅಂತಿಟ್ಕೋ, ಬುಧವಾರದವರೆಗೂ ಪೂರ್ತಿ ಮೀಸೇಲಿ ಓಡಾಡ್ತೀಯಾ? ನಾಲ್ಕ್ ಜನ ಏನಂತಾರೆ? ಇಂಥದ್ದಕ್ಕೆ ರಿಸರ್ವೇಷನ್ನು ಹಿಂದಿನ ದಿನವೇ ಮಾಡಿಸ್ಬೇಕು."

"ಹೆದರ್ಕೊಂಡ್ರೆ ಬುಡಪ್ಪ, ಯಾರ್ ಬಲವಂತ ಮಾಡ್ತಾರೆ" ಎಂದು ಪುಟ್ಟಲಿಂಗಮ್ಮ ಮುಖ ತಿರುಗಿಸಿದರು.

ಆ ಮಾತು ಇಸ್ತ್ರಿ ಪೆಟ್ಟಿಗೆಗಿಂತ ಬಿಸಿಯಾಗಿತ್ತು. ಮನೋಹರ ಮಗಳ ಮುಂದೆ ಮೊಣಕಾಲೂರಿದ. "ಧರಣಿ, ಕೊನೇ ಸಲ ಕೇಳ್ತಿದೀನಿ ಚಿನ್ನ. ಓದ್ತೀಯಾ?"

"ಇಲ್ಲ."

"ನಾಳೆ ಬೆಳಿಗ್ಗೆ?"

"ನಾಳೆನೂ ಓದಲ್ಲ. ಯಾವತ್ತೂ ಓದಲ್ಲ."

ಮನೋಹರ ಎದ್ದ. ನಿಂಗಯ್ಯನ ಕುರ್ಚಿ ಎಳೆದುಕೊಂಡು ಕೂತ. "ಮಂಟಯ್ಯ, ನೊರೆ ಹಚ್ಚು."

ಯಾವ ಕಡೆಯ ಅರ್ಧ ಎಂಬುದರ ಮೇಲೆ ಮತ್ತೆ ಗಲಾಟೆಯಾಯಿತು. ಎಡ ಅಂದರು, ಬಲ ಅಂದರು, ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳೋಣ ಅಂತ ಇನ್ನಿಬ್ಬರು ಅಂದರು. ಕೊನೆಗೆ ಧರಣಿಯೇ ಮುಂದೆ ಬಂದು ಅಪ್ಪನ ಮುಖವನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, "ಈ ಕಡೆ" ಎಂದು ಎಡಗಡೆ ಬೆರಳಿಟ್ಟಳು. ಕತ್ತಿ ಎರಡು ಬಾರಿ ಸರ್ರೆಂದಿತು. ಮನೋಹರನ ಎಡ ಮೀಸೆ ನೊರೆಯ ಸಮೇತ ಟವೆಲಿಗೆ ಬಿತ್ತು. ಉಳಿದ ಅರ್ಧ ಮುಖದಿಂದ ಎಲ್ಲಿಗೋ ದಾರಿ ತೋರಿಸುತ್ತಿರುವ ಕೈಯ ಹಾಗೆ ಬಲಕ್ಕೆ ಚಾಚಿಕೊಂಡಿತ್ತು.

ಧರಣಿ ನೋಡಿದಳು. ಚಪ್ಪಾಳೆ ತಟ್ಟಿದಳು. ಸುತ್ತ ಒಂದು ಸುತ್ತು ಬಂದು ಆ ಕಡೆಯಿಂದ ಅಪ್ಪ, ಈ ಕಡೆಯಿಂದ ಬೇರೆ ಯಾರೋ ಎಂದು ಖಚಿತ ಮಾಡಿಕೊಂಡಳು. ಬಿಕ್ಕಳಿಕೆ ಬರುವವರೆಗೂ ನಕ್ಕಳು. ಆಮೇಲೆ ಜಗುಲಿಗೆ ಹೋಗಿ ಕೂತು, ಪುಸ್ತಕ ತೆರೆದು, ಕೊನೆಯ ಪುಟವನ್ನು ಗಂಟಲು ಸರಿಮಾಡಿಕೊಂಡು ಓದಿದಳು.

"ಆಗ ಆ ಇಸ್ತ್ರಿಯವನು ಉಸ್ಸೆಂದು ಕೂತನು. ಒಂದು ಪಕ್ಕ ಮುಗಿಯುವಷ್ಟರಲ್ಲಿ ಕೆಂಡ ಆರಿಹೋಗಿತ್ತು. ಆನೆಯು ಆ ಕಡೆ ನುಣ್ಣಗೆ, ಈ ಕಡೆ ಸುಕ್ಕಾಗಿ ಮನೆಗೆ ಹೋಯಿತು. ಮುಗಿಯಿತು."

ಬೀದಿ ಪುಸ್ತಕ ನೋಡಿತು, ಮನೋಹರನನ್ನು ನೋಡಿತು.

ಧರಣಿ ಒಳಗೆ ಓಡಿ ಲೈಬ್ರರಿಯ ಚೀಲ ಎಳೆದುಕೊಂಡು ಬಂದಳು. ಒಂದೊಂದೇ ಪುಸ್ತಕ ತೆಗೆದು ನೇರ ಕೊನೆಯ ಪುಟಕ್ಕೆ ಹೋಗಿ, ನೀರು ಕುಡಿದಷ್ಟು ಸಲೀಸಾಗಿ ಓದಿ ಪಕ್ಕಕ್ಕಿಟ್ಟಳು. ಮೊಸಳೆಗೆ ಹಲ್ಲು ಬಂತು. ಇರುವೆಗಳ ಮದುವೆಯಾಯಿತು. ಚಂದ್ರನಿಗೆ ಶೀತ ವಾಸಿಯಾಯಿತು.

"ಇವೆಲ್ಲಾನೂ ಓದಿದ್ಯಾ?" ಮನೋಹರನ ದನಿ ಬಲಗಡೆಯಿಂದ ಮಾತ್ರ ಬಂದಂತಿತ್ತು.

"ಹೂಂ. ಎಲ್ಲಾದ್ರಲ್ಲೂ ಒಂದ್ ಪೇಜ್ ಬಿಟ್ಟಿದ್ದೆ."

"ಯಾಕವ್ವಾ?"

"ಮುಗಿಸ್ಬುಟ್ರೆ ಅರ್ಧ ಮೀಸೆ ನೋಡಕ್ಕಾಯ್ತಿತ್ತಾ? ಚಿಕ್ಕೋಳಾಗಿದ್ದಾಗಿಂದ ಎಲ್ರೂ ಹೇಳ್ತಾನೇ ಇದ್ರಲ್ಲ, ಓದ್ಲಿಲ್ಲ ಅಂದ್ರೆ ಮೀಸೆ ಹೋಯ್ತದೆ ಅಂತ. ಅವಾಗಿಂದ ಕಾಯ್ತಿದೀನಿ."

ಬೀದಿ ಆಕಾಶ ನೋಡಿತು.

ನಿಂಗಯ್ಯ ಮೆಲ್ಲಗೆ ಕೆಮ್ಮಿದರು. ಸೀಟಿ ತೆಗೆದು ಒಮ್ಮೆ ಊದಿದರು. "ಅಂದ್ರೆ ಮನೋಹರಪ್ಪ, ಸ್ಕೂಲ್ ಬಾಗ್ಲು ಇನ್ನೂ ತೆಗೆದಿಲ್ಲ. ಮಗು ಪುಸ್ತಕ ಮುಗಿಸ್ತು. ನ್ಯಾಯವಾಗಿ ನೀನೇ ಗೆದ್ದೆ. ಬೋಳಿಸ್ಬೇಕಾಗೇ ಇರ್ಲಿಲ್ಲ ಕಣಪ್ಪ. ರೈಟ್ ರೈಟ್!"

ಬೀದಿ ಗೆದ್ದವನಿಗೆ ಚಪ್ಪಾಳೆ ತಟ್ಟಿತು.

"ಮಂಟಯ್ಯ!" ಮನೋಹರ ಕುರ್ಚಿಯಲ್ಲೇ ಕಿರುಚಿದ. "ಇನ್ನೊಂದ್ ಅರ್ಧನೂ ತೆಗೆದ್ಬುಡು!"

ಮಂಟಯ್ಯ ಒದ್ದೆ ಕತ್ತಿ ಒರೆಸಿ ಮಡಚಿದ. ಪುಟ್ಟಲಿಂಗಮ್ಮನ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. "ಇನ್ನು ಬುಧವಾರವೇ ಸಾ" ಎಂದು ಹೊರಟುಹೋದ. ಮನೋಹರ ಒಳಗೆ ನುಗ್ಗಿ ರೇಜರ್ ಹುಡುಕಿದ. ಸುಷ್ಮಿತಾ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. "ದೀಪ ಹಚ್ಚೋ ಹೊತ್ನಲ್ಲಿ ಮನೇಲಿ ಬ್ಲೇಡಾ? ನಾಳೆನೂ ಕೇಳ್ಬೇಡಿ, ಮಂಗಳವಾರ."

ಮಾಲೀಕರಿಗೆ ಫೋನು ಮಾಡಿ ವಿಷಯ ಹೇಳಬೇಕಾಯಿತು. ಅವರು ಹಳೇ ಗೋಡೌನಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರು.

ಮಂಗಳವಾರ ಬೆಳಿಗ್ಗೆ ಮನೋಹರ ಮಗಳನ್ನು ಸ್ಕೂಲಿಗೆ ಬಿಡಲು ಹೊರಟ. ಧರಣಿ ಅವನ ಎಡಗೈ ಹಿಡಿದು, ದಾರಿಯುದ್ದಕ್ಕೂ ಇನ್ನೊಂದು ಪುಸ್ತಕ ಓದುತ್ತ ನಡೆದಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅರ್ಧ ಮೀಸೆಯಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಮನೋಹರ ತಾನು ಕೊಟ್ಟ ಮಾತನ್ನು ಉಳಿಸಿಕೊಂಡ.