ಮನಿಲಾದಲ್ಲಿ ಚಿಕ್ಕಬಸವಯ್ಯ

ಮಲ್ಲಾಜಮ್ಮನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಇದು ಗಂಡ ಚಿಕ್ಕಬಸವಯ್ಯನವರು ಒಬ್ಬರೇ ಕೂತು ಕೊಟ್ಟ ತೀರ್ಪಲ್ಲ. ಚಾಮರಾಜನಗರದ ಆ ಬೀದಿಯ ಸರ್ವಾನುಮತದ ತೀರ್ಪು. ಬೆಳಿಗ್ಗೆ ಒಂದು ವಿಷಯ ಆಕೆಯ ಕಿವಿಗೆ ಬಿದ್ದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಬೀದಿಯ ಆ ತುದಿ ಮುಟ್ಟಿರುತ್ತಿತ್ತು, ಅದೂ ಹೊರಟಾಗ ಇದ್ದುದಕ್ಕಿಂತ ಮೈಕೈ ತುಂಬಿಕೊಂಡು. ಯಾರ ಮಗಳನ್ನು ಯಾರು ನೋಡಿ ಹೋದರು, ಯಾರ ಸಕ್ಕರೆ ಕಾಯಿಲೆ ಎಲ್ಲಿಗೇರಿದೆ, ಯಾರ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲಕ್ಕೂ ಆಕೆಯೇ ಆಕಾಶವಾಣಿ. ಕೆಟ್ಟ ಮನಸ್ಸಿನಿಂದಲ್ಲ. ಒಳಗೇ ಇಟ್ಟುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಆಕೆಯೇ ಹೇಳಿಕೊಂಡಿದ್ದಳು, ಅದನ್ನೂ ಎಲ್ಲರಿಗೂ.

ಇಂಥ ಮನೆಯೊಳಕ್ಕೆ ಚಿಕ್ಕಬಸವಯ್ಯನವರು ಮಾಹಿತಿ ಸುರಕ್ಷತೆಯನ್ನು ತರಲು ಹೊರಟರು.

ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಪಾಲಿಗೆ ಉಳಿದಿದ್ದು ನಡುಮನೆಯ ಕಂಪ್ಯೂಟರು ಮತ್ತು ನಿವೃತ್ತರ ಸಂಘ. ಸೈಬರ್ ವಂಚನೆಯ ಬಗ್ಗೆ ಯಾರೋ ನಡೆಸಿದ ಶಿಬಿರಕ್ಕೆ ಹೋಗಿ ಬಂದದ್ದೇ ತಡ, ಸಂಘದ ಅಧ್ಯಕ್ಷ ರಂಗಸ್ವಾಮಿಯು ಚಿಕ್ಕಬಸವಯ್ಯನವರನ್ನೇ ಸೈಬರ್ ಜಾಗೃತಿ ಸಂಚಾಲಕರೆಂದು ನೇಮಿಸಿ, ಬರುವ ಭಾನುವಾರಕ್ಕೆ ಅವರದೇ ಉಪನ್ಯಾಸ ಎಂದು ಸಾರಿಬಿಟ್ಟರು. ನೌಕರಿಯುದ್ದಕ್ಕೂ ಮೇಲಿನವರ ಭಾಷಣ ಕೇಳಿ ಕೇಳಿ ತಲೆಯಾಡಿಸಿದ್ದ ಮನುಷ್ಯ. ತಾನು ಮಾತಾಡಿ ಬೇರೆಯವರು ತಲೆಯಾಡಿಸುವ ಭಾಗ್ಯ ಇದೇ ಮೊದಲು. ಬಿಳಿ ಅಂಗಿಯನ್ನು ಆಗಲೇ ಇಸ್ತ್ರಿಗೆ ಕೊಟ್ಟಾಗಿತ್ತು.

"ಇನ್ನು ಮೇಲೆ ಈ ಮನೆಯ ಒಂದಕ್ಷರವೂ ಹೊಸ್ತಿಲು ದಾಟಕೂಡದು" ಎಂದು ನಡುಮನೆಯಲ್ಲಿ ನಿಂತು ಘೋಷಿಸಿದರು.

"ಯಾರ್ ದಾಟುಸ್ತಾರೆ?" ಅಂದಳು ಮಲ್ಲಾಜಮ್ಮ, ಅವರೆಕಾಯಿ ಸುಲಿಯುತ್ತಾ. ನಿಜವಾಗಿ ತಿಳಿಯದೆಯೇ ಕೇಳಿದ್ದಳು.

ಅದುವರೆಗೆ ಕಂಪ್ಯೂಟರಿಗೆ ಪಾಸ್‌ವರ್ಡ್ ಆಗಿ ಇದ್ದದ್ದು ಬೆಟ್ಟದ ದೇವರು ಮಾದಪ್ಪನ ಹೆಸರು. ಆ ಸೀಮೆಯಲ್ಲಿ ಮಾದಪ್ಪನ ಹೆಸರನ್ನು ಪಾಸ್‌ವರ್ಡ್ ಮಾಡಿಕೊಂಡರೆ ಅರ್ಧ ಜಿಲ್ಲೆಯ ಕಂಪ್ಯೂಟರುಗಳು ತೆರೆದುಕೊಳ್ಳುತ್ತವೆ ಎಂಬ ಸತ್ಯ ಶಿಬಿರದಲ್ಲಿ ಹೊಳೆದು ಅವರಿಗೆ ಬೆವರು ಬಂದಿತ್ತು. ಕೂಡಲೇ ಅಕ್ಷರ, ಅಂಕಿ, ನಕ್ಷತ್ರದ ಗುರುತು ಎಲ್ಲ ಬೆರೆಸಿ ಉಕ್ಕಿನಂಥ ಪಾಸ್‌ವರ್ಡ್ ಕಟ್ಟಿದರು. ಮಧ್ಯಾಹ್ನ ಧಾರಾವಾಹಿ ನೋಡಲು ಹೆಂಡತಿಗೆ ಕಂಪ್ಯೂಟರು ಬೇಕು; ಹಾಗಾಗಿ ಆಕೆಗೂ ಹೇಳಿಕೊಡಬೇಕಾಯಿತು. ಹೇಳಿಕೊಟ್ಟು, ತಲೆ ಮೇಲೆ ಕೈ ಇಡಿಸಿಕೊಂಡು ಆಣೆ ಹಾಕಿಸಿದರು.

ಮಾರನೆಯ ದಿನ ಪೇಟೆಯಿಂದ ಬರುವಾಗ ಕೇಳಿಸಿತು. ಮಲ್ಲಾಜಮ್ಮ ಕಾಂಪೌಂಡಿನ ಮೇಲೆ ಕತ್ತು ಚಾಚಿ ಪಕ್ಕದ ಮನೆಯ ಶಬೀನಾಳನ್ನು ಕೂಗುತ್ತಿದ್ದಳು. ಶಬೀನಾ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. "ಲೇ ಶಬೀನಾ, ನಿಂಗೊಂದ್ ನಂಬರ್ ಏಳಿದ್ನಲ್ಲ, ಏನವ್ವಾ ಅದು?" ಶಬೀನಾ ಮಹಡಿಯಿಂದ ಅಂಕಿಗಳನ್ನು ಹೇಳಿದಳು. ಎದುರು ಮನೆಯ ಮುದುಕಿ ಜಗಲಿಯಲ್ಲಿ ಕೂತೇ ಇಂಗ್ಲಿಷ್ ಅಕ್ಷರಗಳನ್ನು ಒಪ್ಪಿಸಿದಳು. ಸೊಪ್ಪಿನವಳು ಬುಟ್ಟಿ ಇಳಿಸಿ, ಕೊನೇಲಿ ಚುಕ್ಕಿ ಇರಬೇಕಲ್ಲ ಎಂದು ಜ್ಞಾಪಿಸಿದಳು.

ಚಿಕ್ಕಬಸವಯ್ಯನವರು ತರಕಾರಿ ಚೀಲದ ಸಮೇತ ಗೇಟಿಗೆ ಒರಗಿಬಿಟ್ಟರು.

"ಒಬ್ರಿಗೇ ಎಲ್ಲಾನೂ ಏಳಿಲ್ಲ ಕನ್ರೀ" ಎಂದು ಮಲ್ಲಾಜಮ್ಮ ಸಮಾಧಾನ ಮಾಡಿದಳು. "ಪಾಲು ಮಾಡಿ ಏಳಿವ್ನಿ."

ದೊಡ್ಡ ದೊಡ್ಡ ಕಂಪನಿಗಳು ಮಾಹಿತಿಯನ್ನು ಎಲ್ಲೆಲ್ಲೋ ಚೂರುಚೂರಾಗಿ ಕೂಡಿಡುತ್ತವೆ ಎಂದು ಶಿಬಿರದಲ್ಲಿ ಹೇಳಿದ್ದರು. ತನ್ನ ಹೆಂಡತಿ ಅದನ್ನು ಬೀದಿಯ ಜಗಲಿಗಳ ಮೇಲೆ ಸಾಧಿಸಿದ್ದು ಕಂಡು ಅವರಿಗೆ ಊಟ ಸೇರಲಿಲ್ಲ.

ಊಟ ಬಿಟ್ಟು ಮಲಗಿದಾಗಲೇ ಆ ಮಹಾ ಉಪಾಯ ಹೊಳೆದದ್ದು. ಈ ಬಾಯಿಂದ ಹೊರಬೀಳದ ಮಾತು ಲೋಕದಲ್ಲಿ ಒಂದೇ ಒಂದಿದೆ: ಗಂಡನ ಹೆಸರು. ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿದರೇ ಒಳಗೆ ಬಿಡುತ್ತೇವೆಂದು ಹಟ ಹಿಡಿದರೂ ಮಲ್ಲಾಜಮ್ಮ ಹೇಳಿರಲಿಲ್ಲ. ಕೊನೆಗೆ ನಾದಿನಿಯರೇ ಕಾಲು ನೋವು ಬಂದು ದಾರಿ ಬಿಟ್ಟರು. ಜನಗಣತಿಯವರು ಬಂದರೆ ಗೇಟಿನ ಮೇಲಿನ ಫಲಕ ತೋರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಪಕ್ಕದಲ್ಲಿ ನಿಂತವರ ಕೈಗೆ ಆಧಾರ್ ಕಾರ್ಡ್ ಕೊಟ್ಟು ಓದಿಸುತ್ತಿದ್ದಳು. ಅಷ್ಟು ಮಾತಿನ ಹೆಂಗಸು ಆ ಒಂದು ಮಾತಿಗೆ ಬಂದರೆ ಕಲ್ಲು.

ಬೆಳಿಗ್ಗೆ ಎದ್ದವರೇ ಕಂಪ್ಯೂಟರಿಗೂ ಈಮೇಲಿಗೂ ತಮ್ಮ ಹೆಸರನ್ನೇ ಪಾಸ್‌ವರ್ಡ್ ಮಾಡಿದರು. ಸ್ವಂತ ಹೆಸರನ್ನು ಎಂದೂ ಇಡಬಾರದು ಎಂಬುದು ಶಿಬಿರದ ಮೊದಲ ಪಾಠ. ಅದನ್ನು ಹೇಳಿದವನಿಗೇನು ಗೊತ್ತು? ಅವನ ಹೆಂಡತಿ ಅವನನ್ನು ಹೆಸರು ಹಿಡಿದು ಕೂಗುವವಳಿರಬೇಕು.

ಕೀಲಿಗಳನ್ನು ಒಂದೊಂದಾಗಿ ತೋರಿಸಿಕೊಟ್ಟಾಗ ಮಲ್ಲಾಜಮ್ಮ ಹಿಂಜರಿದಳು. "ನಿಮ್ಮೆಸ್ರ ಬೆಳ್ಳಲ್ಲಿ ಕುಟ್ಬೇಕಾ? ಪಾಪ ಬರಕಿಲ್ವಾ?"

"ಹೇಳಿದರೆ ಪಾಪ. ಕುಟ್ಟಿದರೆ ಇಲ್ಲ" ಎಂದು ಚಿಕ್ಕಬಸವಯ್ಯನವರು ಶಾಸ್ತ್ರ ನಿರ್ಣಯ ಮಾಡಿದರು. ಅಂದಿನಿಂದ ಆಕೆ ಧಾರಾವಾಹಿಗೆ ಮುಂಚೆ ಹೆಸರು ಕುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಕೂರುತ್ತಿದ್ದಳು. ಬೀದಿಯಲ್ಲಿ ಯಾರು ಎಷ್ಟು ಕೆದಕಿದರೂ ಪಾಸ್‌ವರ್ಡ್ ಹೊರಬರಲಿಲ್ಲ. ಚಿಕ್ಕಬಸವಯ್ಯನವರು ಉಪನ್ಯಾಸಕ್ಕೆ "ಸುರಕ್ಷತೆ ಮನೆಯಿಂದಲೇ" ಎಂಬ ತಲೆಬರಹ ಕೊಟ್ಟರು.

ಗುರುವಾರ ಗುಂಡ್ಲುಪೇಟೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗುವಿನ ನಾಮಕರಣವಿತ್ತು. ಪ್ರಯಾಣದ ವಿಷಯ ಯಾರಿಗೂ ತಿಳಿಸಬೇಡಿ ಎಂಬುದು ಶಿಬಿರದ ಇನ್ನೊಂದು ಪಾಠ. ಹಾಗಾಗಿ ಹೆಂಡತಿಗೂ ಹೇಳದೆ, "ಕೆಲಸ ಇದೆ" ಎಂದಷ್ಟೇ ಗೊಣಗಿ, ತಾವಿರುವ ಜಾಗ ಯಾರಿಗೂ ಗೊತ್ತಾಗದಂತೆ ಫೋನನ್ನೂ ಆರಿಸಿ ಬಸ್ಸು ಹತ್ತಿದರು. ಪಂಕ್ತಿಯಲ್ಲಿ ಒಳ್ಳೆಯ ಜಾಗ ಸಿಕ್ಕಿತು. ಎರಡನೆಯ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಎದುರಿಗೆ ಯಾರೋ ಬಂದು ನಿಂತರು. ತಲೆಯೆತ್ತಿದರೆ ಸಂಘದ ಅಧ್ಯಕ್ಷ ರಂಗಸ್ವಾಮಿ. ಕೂದಲು ಕೆದರಿ, ಅಂಗಿ ಬೆವತು, ದೆವ್ವ ನೋಡಿದವರ ಹಾಗೆ ನೋಡುತ್ತಿದ್ದರು.

"ಮನಿಲಾದಿಂದ ಯಾವಾಗ ಬಂದ್ರಿ?" ಅಂದರು ರಂಗಸ್ವಾಮಿ.

ಚಿಕ್ಕಬಸವಯ್ಯನವರ ಕೈಯ ಹೋಳಿಗೆ ಎಲೆಗೆ ಬಿತ್ತು.

ವಾಪಸು ಬರುವಾಗ ರಂಗಸ್ವಾಮಿಯ ಕಾರಿನಲ್ಲಿ ವಿಷಯ ಹೊರಬಿತ್ತು. ಬೆಳಿಗ್ಗೆ ಸಂಘದ ಎಲ್ಲ ಸದಸ್ಯರಿಗೂ, ನೆಂಟರಿಷ್ಟರಿಗೂ, ರೇಷ್ಮೆಗೂಡಿನ ಹಳೆಯ ವ್ಯಾಪಾರಿಗಳಿಗೂ ಚಿಕ್ಕಬಸವಯ್ಯನವರ ಈಮೇಲಿನಿಂದ ಕಾಗದ ಹೋಗಿತ್ತು. ಅಚ್ಚುಕಟ್ಟಾದ ಇಂಗ್ಲಿಷು. ತಾವು ಮನಿಲಾ ನಗರದಲ್ಲಿರುವುದಾಗಿಯೂ, ಕಳ್ಳರು ಪಿಸ್ತೂಲು ತೋರಿಸಿ ಪರ್ಸನ್ನೂ ಪಾಸ್‌ಪೋರ್ಟನ್ನೂ ಕಿತ್ತುಕೊಂಡಿದ್ದಾರೆಂದೂ, ಹೋಟೆಲಿನವರು ಹೊರಗೆ ಬಿಡುತ್ತಿಲ್ಲವೆಂದೂ, ದಯವಿಟ್ಟು ಈ ಖಾತೆಗೆ ಹಣ ಹಾಕಿ ಪಾರುಮಾಡಬೇಕೆಂದೂ ಬೇಡಿಕೊಂಡಿದ್ದರು. ಮೈಸೂರು ದಾಟಿ ಆಚೆಗೆ ಹೋಗದ ಮನುಷ್ಯ ಮನಿಲಾಕ್ಕೆ ಹೇಗೆ ಹೋದನೆಂದು ಯಾರಿಗಾದರೂ ಅನುಮಾನ ಬರಬೇಕಿತ್ತು. ಬಂದೂ ಇತ್ತು. ಸಂಘದವರು ಮನೆಗೆ ಓಡಿ ಕೇಳಿದರು. ಎಲ್ಲಿಗೆ ಹೋದರೋ ಹೇಳಲಿಲ್ಲ, ಹೇಳಬಾರದಂತೆ, ಎಂದಳು ಮಲ್ಲಾಜಮ್ಮ. ಫೋನ್ ಮಾಡಿದರೆ ಫೋನು ಸತ್ತಿತ್ತು. ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು.

ಮನಿಲಾ ಇರುವುದು ಕೇರಳದ ಕಡೆಗಾ ಎಂದು ಒಬ್ಬರು ಕೇಳಿದರಂತೆ. ಖಜಾಂಚಿಗಳು ಸಂಘದ ಕಟ್ಟಡ ನಿಧಿಯನ್ನೇ ಎತ್ತಿ ಕಳಿಸೋಣ, ಮನುಷ್ಯ ಉಳಿದರೆ ಕಟ್ಟಡ ಕಟ್ಟಬಹುದು ಎಂದು ಕಣ್ಣೀರು ಹಾಕಿದರಂತೆ. ಅಷ್ಟರಲ್ಲಿ ಹೂವಿನವಳೊಬ್ಬಳು ಗುಂಡ್ಲುಪೇಟೆ ಬಸ್ಸಿನಲ್ಲಿ ಅವರನ್ನು ಕಂಡದ್ದಾಗಿ ಹೇಳಿದಳು. ಯಾವ ದೇಶಕ್ಕೆ ಹೋಗಿದ್ದರೂ ಗುಂಡ್ಲುಪೇಟೆ ಮೇಲೇ ಹೋಗಿರಬೇಕು ಎಂದು ರಂಗಸ್ವಾಮಿ ಕಾರು ಹತ್ತಿದರು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಯಾರೋ ನಾಮಕರಣದ ಛತ್ರ ತೋರಿಸಿದರು.

ಕಾರು ತೆರಕಣಾಂಬಿ ದಾಟಿತು. ಆಮೇಲೆ ರಂಗಸ್ವಾಮಿ ಮೆಲ್ಲಗೆ ಶುರು ಮಾಡಿದರು.

"ಸಂಜೆ ಎಲ್ಲ ನಿಮ್ಮನೇಗೇ ಬತ್ತಾರೆ. ಕಳ್ಳಂಗೆ ಪಾಸ್‌ವರ್ಡು ಎಂಗ್ ಸಿಕ್ತು ಅಂತ ನೀವು ಏಳ್ಬೇಕಾಯ್ತದೆ. ಸಂಚಾಲಕರಲ್ವಾ. ನಿಮ್ಮ ಕಡೆಯಿಂದ್ಲೇ ತಪ್ಪಾಗಿದ್ರೆ ಬುಡಿ, ಭಾನುವಾರ ಮಂಡಿನೋವಿನ ಡಾಕ್ಟ್ರನ್ನ ಕರ್ಸನ."

ಚಿಕ್ಕಬಸವಯ್ಯನವರ ಕಣ್ಣ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಸುಳಿಯಿತು. ಉಪನ್ಯಾಸ ಹೋದರೆ ಹೋಗಲಿ. ಮನಿಲಾ ಬಸವಯ್ಯ ಎಂಬ ಹೆಸರು ನಿಂತರೆ ಸಾಯುವ ತನಕ ಬಿಡುವುದಿಲ್ಲ. ಆದರೆ ತಪ್ಪು ತಮ್ಮದಲ್ಲ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಪಾಸ್‌ವರ್ಡ್ ತಿಳಿದಿದ್ದವರು ಇಬ್ಬರೇ, ಅದರಲ್ಲಿ ಒಬ್ಬಳು ಮಲ್ಲಾಜಮ್ಮ.

ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಕೂಗಾಡಿದರು. ಯಾವ ಜಗಲಿಯಲ್ಲಿ ಕೂತು ಹೇಳಿದೆ, ಯಾರಿಗೆ ಪಾಲು ಹಂಚಿದೆ, ಮಾನ ಹರಾಜಾಯಿತು ಎಂದರು. ಮಲ್ಲಾಜಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡ ಜೀವಂತ ಬಂದದ್ದಕ್ಕೆ ದೇವರಿಗೆ ದೀಪ ಹಚ್ಚಿ ಆಗಿತ್ತು. ಅದರ ಬತ್ತಿ ಸರಿ ಮಾಡುತ್ತಾ ಹೇಳಿದಳು.

"ಆ ಎಸ್ರ ಈ ಬಾಯಲ್ಲಿ ಒಂದಿನಾದ್ರೂ ಕೇಳಿದ್ದೀರಾ? ಎರಿಗೆ ನೋವಲ್ಲಿ ನರ್ಸಮ್ಮ ಕೇಳ್ದಾಗ್ಲೇ ಏಳ್ನಿಲ್ಲ. ಸೊಪ್ಪಿನವ್ಳಿಗೆ ಏಳ್ತೀನಾ?"

ಚಿಕ್ಕಬಸವಯ್ಯನವರು ಹೊಸ್ತಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಆಕೆ ಹೇಳಿದ್ದು ನಿಜ. ಕೂಗಾಡುವಾಗ ಮರೆತೇಹೋಗಿತ್ತು.

ಶಬೀನಾಳನ್ನು ಕರೆಸಿದರು. ಅವಳು ಫೋನಿಗೆ ಬಂದ ಕೋಡು ಹಾಕಿ ಈಮೇಲನ್ನು ಕಳ್ಳನ ಕೈಯಿಂದ ಬಿಡಿಸಿ, ಎಲ್ಲರಿಗೂ ಕ್ಷಮಾಪಣೆಯ ಕಾಗದ ಕಳಿಸಿದಳು. ಆಮೇಲೆ, ಹಳೆಯ ಪಾಸ್‌ವರ್ಡ್ ಏನಿತ್ತು ಅಂಕಲ್ ಎಂದು ಕೇಳಿದಳು. ಅಂಕಲ್ ಗಂಟಲು ಸರಿಮಾಡಿಕೊಂಡರು, ಕನ್ನಡಕ ತೆಗೆದು ಒರೆಸಿದರು, ಸೂರು ನೋಡಿದರು. ತಮ್ಮ ಹೆಸರು ತಮ್ಮ ಬಾಯಿಂದಲೇ ಹೊರಡಲಿಲ್ಲ. ಕೊನೆಗೆ ಮಲ್ಲಾಜಮ್ಮ ಕಿಟಕಿಯಾಚೆಗೆ ಬೆರಳು ಮಾಡಿ ಗೇಟಿನ ಮೇಲಿನ ಫಲಕ ತೋರಿಸಿದಳು.

ಶಬೀನಾ ಫಲಕ ನೋಡಿದಳು, ಅಂಕಲ್ ಮುಖ ನೋಡಿದಳು, ದುಪಟ್ಟಾದ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

"ಅಂಕಲ್, ಈಮೇಲ್ ಅಡ್ರೆಸ್‌ನಲ್ಲೇ ನಿಮ್ಮ ಹೆಸರಿದೆ. ಯಾವ ಕಳ್ಳನಾದ್ರೂ ಮೊದಲು ಅದನ್ನೇ ಹಾಕಿ ನೋಡ್ತಾನೆ. ನೀವು ಪಾಸ್‌ವರ್ಡನ್ನ ಬಣ್ಣ ಹೊಡಿಸಿ ಗೇಟಿಗೇ ಹಾಕಿದ್ದೀರಿ."

ಒಬ್ಬಳ ಬಾಯಿಗೆ ಬೀಗ ಹಾಕಲು ಹೋಗಿ, ಲೋಕಕ್ಕೆಲ್ಲ ಬಾಗಿಲು ತೆರೆದಿಟ್ಟಿದ್ದು ಆಗ ಅವರಿಗೆ ಹೊಳೆಯಿತು. ಶಬೀನಾ ಹೊಸ ಪಾಸ್‌ವರ್ಡ್ ಇಡಿಸಿ, ಮಗು ಅಳುತ್ತಿದೆ ಎಂದು ಮನೆಗೆ ಹೋದಳು. ಕಾಂಪೌಂಡ್ ದಾಟಿದ ಮೇಲೆ ಅವಳು ನಕ್ಕದ್ದು ಚೆನ್ನಾಗಿಯೇ ಕೇಳಿಸಿತು.

ಸಂಜೆ ಸಂಘದವರು ಬಂದರು. ನಡುಮನೆ ತುಂಬಿತು, ಕುರ್ಚಿ ಸಾಲದೆ ಚಾಪೆ ಹಾಸಿದರು. ಮೊದಲು ಎಲ್ಲರೂ ಅವರನ್ನು ಮುಟ್ಟಿ ಮುಟ್ಟಿ ನೋಡಿ ಸಂತೋಷಪಟ್ಟರು. ನಂತರ ರಂಗಸ್ವಾಮಿ ಗಂಭೀರವಾಗಿ, ಸಂಚಾಲಕರು ಈಗ ನಡೆದದ್ದನ್ನು ತಿಳಿಸಬೇಕು ಎಂದರು.

ಚಿಕ್ಕಬಸವಯ್ಯನವರು ಎದ್ದು ನಿಂತರು. ಜೀವನದಲ್ಲಿ ಮೊದಲ ಬಾರಿಗೆ ಇಷ್ಟು ಜನ ಅವರ ಮಾತಿಗೆ ಕಾದು ಕೂತಿದ್ದರು. ಒಂದು ಮಾತೂ ಬರಲಿಲ್ಲ. ಕಾದಷ್ಟು ಕಾದು ಜನರ ಕಣ್ಣು ಒಂದೊಂದಾಗಿ ಅಡುಗೆಮನೆಯ ಬಾಗಿಲ ಕಡೆ ಹೊರಳಿತು. ಅಲ್ಲಿ ಮಲ್ಲಾಜಮ್ಮ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಮರ್ಯಾದಸ್ಥರು, ಯಾರೂ ಆಕೆಯನ್ನು ಬಾಯಿಬಿಟ್ಟು ದೂರಲಿಲ್ಲ. ಸುಮ್ಮನೆ ನೋಡಿದರು.

ಆಕೆ ಗಂಡನ ಮುಖ ನೋಡಿದಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು.

"ನಾನೇ ಕಣಣ್ಣ" ಅಂದಳು ರಂಗಸ್ವಾಮಿಗೆ. "ನಲ್ಲಿ ತಾವ ನೀರಿಡಿವಾಗ ಬಾಯ್ತಪ್ಪಿ ಏಳ್ಬುಟ್ಟೆ. ಇವ್ರುದೇನೂ ತಪ್ಪಿಲ್ಲ."

ನಡುಮನೆಗೆ ನಡುಮನೆಯೇ ಉಸಿರು ಬಿಟ್ಟಿತು. ನಾವೂ ಅದನ್ನೇ ಅಂದುಕೊಂಡೆವು ತಾಯಿ ಎಂದರು ಖಜಾಂಚಿಗಳು. ಇನ್ನೊಬ್ಬರು ತಮ್ಮ ಮನೆಯವಳೂ ಹೀಗೆಯೇ ಎಂದು ಶುರು ಮಾಡಿದರು. ಉಪನ್ಯಾಸ ಭಾನುವಾರವೇ ಎಂದು ರಂಗಸ್ವಾಮಿ ತೊಡೆ ತಟ್ಟಿ ಹೇಳಿದರು. ಹೆಂಗಸರ ಬಾಯಿಂದ ಪಾಸ್‌ವರ್ಡನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆಯೂ ನಾಲ್ಕು ಮಾತು ಇರಲಿ ಎಂದರು. ಚಿಕ್ಕಬಸವಯ್ಯನವರು ಏನೋ ಹೇಳಲು ಬಾಯಿ ತೆರೆದರು. ಮಲ್ಲಾಜಮ್ಮ ಅವರ ಕೈಗೆ ಬಿಸಿ ಕಾಫಿಯ ಲೋಟ ಕೊಟ್ಟಳು.

"ಅಲ್ಲಮ್ಮ, ಏನಿತ್ತು ಆ ಪಾಸ್‌ವರ್ಡು?" ರಂಗಸ್ವಾಮಿ ಕಾಫಿ ಹೀರುತ್ತಾ ಕೇಳಿದರು. "ಈಗ ಬದ್ಲಾಯ್ಸಿ ಆಯ್ತಲ್ಲ, ಏಳಿದ್ರೇನ್ ತೊಂದ್ರೆ ಇಲ್ಲ."

ನಡುಮನೆಯೆಲ್ಲ ಆಕೆಯ ಕಡೆ ತಿರುಗಿತು. ಲೋಟ ಹಿಡಿದ ಚಿಕ್ಕಬಸವಯ್ಯನವರ ಕೈ ಬಾಯಿಯ ಹತ್ತಿರವೇ ನಿಂತಿತು.

"ಮರ್ತೋಯ್ತು ಕಣಣ್ಣ" ಎಂದು ಮಲ್ಲಾಜಮ್ಮ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.