ರಾಹುಕಾಲ ಮತ್ತು ನನ್ನ ಬಾಸ್ ಗಿಟಾರ್

ಬೆಂಗಳೂರಿನ ಒಂದು ಪ್ರಸಿದ್ಧ ಥ್ರಾಶ್ ಮೆಟಲ್ ಬ್ಯಾಂಡಿನ ಸ್ಥಾಪಕ ಸದಸ್ಯರಲ್ಲಿ ನಾನೂ ಒಬ್ಬ. ಈ ಮಾತನ್ನು ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಸುಮಾ ನಂಬುತ್ತಾಳೆ, ಆದರೆ ನೆಂಟರ ಮುಂದೆ ಹೇಳಬೇಡಿ ಎನ್ನುತ್ತಾಳೆ.

ತೊಂಬತ್ತರ ದಶಕದ ಮೊದಲಲ್ಲಿ ನಾವು ಮೂವರಿದ್ದೆವು. ಪುಲಿಕೇಶಿನಗರದ ಟೋನಿ ಗಿಟಾರ್ ನುಡಿಸುತ್ತ ಹಾಡುತ್ತಿದ್ದ, ಅಂದರೆ ಕಿರುಚುತ್ತಿದ್ದ. ಶಿವಾಜಿನಗರದ ಇಮ್ರಾನ್ ಡ್ರಮ್ಸ್ ಬಾರಿಸುತ್ತಿದ್ದ. ವಿಮಾನಪುರದ ಕ್ವಾರ್ಟರ್ಸಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸೀನ, ಅಂದರೆ ನಾನು, ದಪ್ಪ ಸ್ವರದ ಬಾಸ್ ಗಿಟಾರ್. ಥ್ರಾಶ್ ಮೆಟಲ್ ಎಂದರೆ ಇರುವ ಕೋಪವನ್ನೆಲ್ಲ ಆದಷ್ಟು ಬೇಗ ಹೇಳಿ ಮುಗಿಸುವ ಸಂಗೀತ. ಬ್ಯಾಂಡಿಗೆ ‘ಗ್ರೇವ್ ಪರ್ಮಿಟ್’ ಎಂದು ಹೆಸರಿಟ್ಟಿದ್ದೆವು. ಹಾಡುಗಳೆಲ್ಲ ಸ್ಮಶಾನ, ಯುದ್ಧ, ದೆವ್ವ, ನರಕಗಳ ಬಗ್ಗೆ. ಸಾವಿಗೇ ಹೆದರದ ಗಂಡುಗಳು ನಾವು! ನಾನು ಹೆದರುತ್ತಿದ್ದುದು ಒಂದಕ್ಕೇ. ರಾಹುಕಾಲಕ್ಕೆ.

ಇದು ಅಮ್ಮನ ಕಡೆಯಿಂದ ಬಂದ ಆಸ್ತಿ. ಕೆ.ಆರ್. ಪುರದ ಹಳೇ ಮನೆತನದ ಅಮ್ಮ ಕ್ಯಾಲೆಂಡರ್ ನೋಡದೆ ಹೊಸ್ತಿಲು ದಾಟುತ್ತಿರಲಿಲ್ಲ. ಒಮ್ಮೆ ನಾನು ರಾಹುಕಾಲದಲ್ಲಿ ಹೊರಟು ಗಣಿತ ಪರೀಕ್ಷೆ ಬರೆದು ಫೇಲಾದೆ. ಓದಿರಲಿಲ್ಲ ಎಂಬುದೂ ಒಂದು ಕಾರಣವಿರಬಹುದು. ಆದರೆ ಅಂದಿನಿಂದ ನನ್ನ ನಂಬಿಕೆ ಗಟ್ಟಿಯಾಯಿತು.

ಮೊದಲನೆಯ ಆಲ್ಬಮ್ಮನ್ನು ಇಮ್ರಾನನ ತಂದೆಯ ಶಾಮಿಯಾನ ಗೋದಾಮಿನಲ್ಲಿ, ಸುತ್ತಲೂ ಮದುವೆ ಜಮಖಾನ ನೇತುಹಾಕಿ ರೆಕಾರ್ಡ್ ಮಾಡಿದೆವು. ಬಾಸಿಗೆ ಆಂಪ್ಲಿಫೈಯರ್ ಇರಲಿಲ್ಲ. ಟೋನಿಯ ತಾಯಿ ತಮ್ಮ ಚರ್ಚಿನಿಂದ ಒಂದನ್ನು ಕೇಳಿ ತಂದುಕೊಟ್ಟರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ, ಅವರು ನನ್ನನ್ನು ‘ಕಣ್ಣಾ’ ಎನ್ನುತ್ತಿದ್ದರು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲವೆಂದು ನನಗಾಗಿ ಬೇರೆ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿಡುತ್ತಿದ್ದರು.

ಶುಭಕಾರ್ಯ ನೋಡಿ! ನಾನು ಬಾಸ್ ಗಿಟಾರಿನ ತಲೆಗೆ ಕುಂಕುಮವಿಟ್ಟು, ಆಂಪ್ಲಿಫೈಯರಿಗೆ ಹೂ ಏರಿಸಿ, ಊದುಬತ್ತಿ ಬೆಳಗಿ, ಮನೆಯಿಂದ ತಂದಿದ್ದ ತೀರ್ಥ ಪ್ರೋಕ್ಷಿಸಿದೆ. ಪ್ರೋಕ್ಷಣೆ ಸ್ವಲ್ಪ ಧಾರಾಳವಾಯಿತು.

“ಏನ್ ಮ್ಯಾನ್ ಮಾಡ್ತಿದೀಯ?” ಎಂದ ಟೋನಿ.

“ಪೂಜೆ.”

“ಸೀನಾ, ಹೊಗೆ ಬರ್ತಿದೆ ಯಾರ್,” ಎಂದ ಇಮ್ರಾನ್.

“ಊದುಬತ್ತೀದು.”

ಊದುಬತ್ತಿಯದಾಗಿರಲಿಲ್ಲ. ಆಂಪ್ಲಿಫೈಯರ್ ಒಮ್ಮೆ ಸೀನಿ ಪ್ರಾಣ ಬಿಟ್ಟಿತು. ಹೀಗಾಗಿ ಮೊದಲ ಆಲ್ಬಮ್ಮಿನ ಏಳು ಹಾಡುಗಳಲ್ಲಿ ನಾನು ಬೆವರು ಸುರಿಸಿ ನುಡಿಸಿದ ಒಂದು ಸ್ವರವೂ ಕೇಳಿಸುವುದಿಲ್ಲ. ಆದರೆ ಕ್ಯಾಸೆಟ್ ಕಾಲೇಜಿನಿಂದ ಕಾಲೇಜಿಗೆ ಹಬ್ಬಿತು. ಬಾಸೇ ಇಲ್ಲದ ಆ ಒಣ ಸದ್ದನ್ನು ಎಲ್ಲರೂ ಮೆಚ್ಚಿದರು! ಆಂಟಿ ಚರ್ಚಿಗೆ ಹೋಗಿ, ಆಂಪ್ಲಿಫೈಯರಿನೊಳಗೆ ಇಲಿ ಹೋಗಿತ್ತೆಂದು ಪಾದ್ರಿಗಳ ಮುಂದೆ ಸುಳ್ಳು ಹೇಳಿ ನನ್ನನ್ನು ಉಳಿಸಿದರು. ಆ ಭಾನುವಾರ ಅದಕ್ಕಾಗಿ ತಪ್ಪೊಪ್ಪಿಗೆಯನ್ನೂ ಮಾಡಿಕೊಂಡರಂತೆ.

ಎರಡನೆಯ ಆಲ್ಬಮ್ಮಿಗೆ ನಿಜವಾದ ಸ್ಟುಡಿಯೋ ಸಿಕ್ಕಿತು, ಹಲಸೂರಿನಲ್ಲಿ. ಅಲ್ಲಿ ದಿನವಿಡೀ ಭಕ್ತಿಗೀತೆಗಳ ರೆಕಾರ್ಡಿಂಗ್. ನಮಗೆ ಕೊಟ್ಟದ್ದು ಮಂಗಳವಾರ ಮೂರರಿಂದ ಐದು. ಮಂಗಳವಾರ ಮೂರರಿಂದ ನಾಲ್ಕೂವರೆಯವರೆಗೆ ಏನಿರುತ್ತದೆಂದು ತಿಳಿದವರಿಗೆ ಹೇಳಬೇಕಾಗಿಲ್ಲ.

ಅಮ್ಮ ಉಪಾಯ ಹೇಳಿದಳು. “ಪರಸ್ಥಾನ ಇಡು.” ಹೊರಡುವ ಗಳಿಗೆ ಸರಿಯಿಲ್ಲದಿದ್ದರೆ, ಮೊದಲೇ ಒಳ್ಳೆಯ ಹೊತ್ತಿನಲ್ಲಿ ಸಾಮಾನನ್ನು ಮುಂದೆ ಕಳಿಸಿಬಿಡುವುದು, ಸಾಮಾನು ಹೊರಟರೆ ನಾವೂ ಹೊರಟಂತೆ. ಅದರಂತೆ ಎರಡೂವರೆಗೇ ನನ್ನ ಬಾಸ್ ಗಿಟಾರನ್ನು ಸ್ಟುಡಿಯೋದೊಳಗೆ ಇಟ್ಟುಬಂದೆ. ಶಾಸ್ತ್ರದ ಪ್ರಕಾರ ಆಮೇಲೆ ನಾನೂ ಧೈರ್ಯವಾಗಿ ಒಳಗೆ ಹೋಗಬಹುದಿತ್ತು. ಆದರೆ ನನ್ನ ಭಯ ಶಾಸ್ತ್ರಕ್ಕಿಂತ ಒಂದು ಕೈ ಮೇಲು. ನಾಲ್ಕೂವರೆಗೆ ಹೋದರೂ ಇನ್ನೂ ಅರ್ಧ ಗಂಟೆ ಇರುತ್ತದಲ್ಲ ಎಂದು ಎದುರಿನ ಟೀ ಅಂಗಡಿಯಲ್ಲಿ ಕೂತೆ.

ನಾಲ್ಕೂ ಇಪ್ಪತ್ತಕ್ಕೆ ಟೋನಿ ಬಾಗಿಲಿಗೆ ಬಂದು ಕೂಗಿದ. “ಬಾ ಮಗಾ, ಕೊನೇ ಹಾಡೊಂದೇ ಬಾಕಿ!”

“ಒಂದ್ ಹತ್ತು ನಿಮಿಷ ತಡಿಯೋ,” ಎಂದೆ.

ನಾನು ಆರಿಸಿಕೊಂಡ ಸಂಗೀತದ ವೇಗವನ್ನೇ ಮರೆತಿದ್ದೆ. ಆ ಹಾಡು ಮೂರು ನಿಮಿಷದ್ದು. ಸರಿಯಾಗಿ ನಾಲ್ಕೂವರೆಗೆ ಬಲಗಾಲಿಟ್ಟು ಒಳಗೆ ಹೋದಾಗ ಇಮ್ರಾನ್ ವೈರ್ ಸುತ್ತುತ್ತಿದ್ದ. ಬಾಸನ್ನೂ ಟೋನಿಯೇ ನುಡಿಸಿ ಮುಗಿಸಿದ್ದ, ನನ್ನ ಗಿಟಾರಿನಲ್ಲಿ! ಅಮ್ಮನ ಶಾಸ್ತ್ರ ಸುಳ್ಳಾಗಲಿಲ್ಲ. ಒಳ್ಳೆಯ ಗಳಿಗೆಯಲ್ಲಿ ಒಳಗೆ ಹೋದ ಗಿಟಾರಿಗೆ ಒಳ್ಳೆಯದೇ ಆಯಿತು. ಆ ಆಲ್ಬಮ್ ಮುಂಬೈ, ಶಿಲ್ಲಾಂಗ್‌ವರೆಗೂ ಹೋಯಿತು. ಕ್ಯಾಸೆಟ್ಟಿನ ಚೀಟಿಯಲ್ಲಿ ನನ್ನ ಹೆಸರಿತ್ತು, ಕೊನೆಯ ಸಾಲಿನಲ್ಲಿ, ಬಾಸ್ ಗಿಟಾರ್ ಒದಗಿಸಿದ್ದಕ್ಕಾಗಿ ಕೃತಜ್ಞತೆ ಎಂದು. ಟೀ ಒದಗಿಸಿದವರ ಹೆಸರು ನನಗಿಂತ ಮೇಲಿತ್ತು.

ಆಗಲೂ ಟೋನಿ ನಕ್ಕ. “ಪರವಾಗಿಲ್ಲ ಬಿಡು, ನೆಕ್ಸ್ಟ್ ಆಲ್ಬಮ್ ಶನಿವಾರ ಸಾಯಂಕಾಲ ಬುಕ್ ಮಾಡ್ತೀನಿ,” ಎಂದ. ಅವನು ನನ್ನ ಗೆಳೆಯ. ಅಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ತಮಾಷೆಯ ಕಥೆಯಾಗಿರುತ್ತಿತ್ತು.

ಮರುವರ್ಷ ಆಂಟಿ ತೀರಿಕೊಂಡರು. ಮನೆಯಿಂದ ಪೆಟ್ಟಿಗೆ ಹೊರಡುವುದು ಗುರುವಾರ ಎರಡು ಗಂಟೆಗೆ. ಹೊರಲು ನಾಲ್ವರು: ಟೋನಿ, ಅವನ ಮಾವ, ಇಮ್ರಾನ್, ನಾನು. “ಅಮ್ಮ ನಿನ್ನನ್ನ ಮಗ ಅಂತಿದ್ರು, ಒಂದು ಹೆಗಲು ನಿಂದು,” ಎಂದಿದ್ದ ಟೋನಿ ಫೋನಿನಲ್ಲಿ.

ಗುರುವಾರ ರಾಹುಕಾಲ ಒಂದೂವರೆಯಿಂದ ಮೂರು.

ನಾನು ಮನೆಯಿಂದ ಬೇಗನೇ ಹೊರಟೆ. ಆದರೆ ಬಸ್ಸು ತಡವಾಗಿ, ಅವರ ಬೀದಿ ತಲುಪುವಾಗ ಒಂದೂ ಮೂವತ್ತೈದು. ಬೀದಿಯ ತುದಿಯಲ್ಲಿ ನಿಂತೆ. ಕಾಲು ಮುಂದಕ್ಕೆ ಬರಲಿಲ್ಲ. ಎಂಟು ವರ್ಷ ನರಕದ ಮೇಲೆ ಹಾಡು ಕಟ್ಟಿದವನು ವಿದ್ಯುತ್ ಕಂಬ ಹಿಡಿದು ನಿಂತಿದ್ದೆ!

ಎರಡು ಗಂಟೆಗೆ ಇಮ್ರಾನ್ ಓಡಿಬಂದ. “ಇಲ್ಲೇನ್ ಮಾಡ್ತಿದೀಯ ಯಾರ್? ಆ ಕಡೆ ಹೆಗಲಿಲ್ಲ, ಎಲ್ರೂ ಕಾಯ್ತಿದಾರೆ!”

ನನ್ನ ಬಾಯಿಗೆ ಅಭ್ಯಾಸವಾಗಿದ್ದದ್ದು ಒಂದೇ ಮಾತು. “ಒಂದ್ ಹತ್ತು ನಿಮಿಷ...”

ಅವನು ನನ್ನನ್ನು ನೋಡಿದ. ಬೈಯಲಿಲ್ಲ. ತಿರುಗಿ ಓಡಿದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ನನ್ನ ಮುಂದೆಯೇ ಹೋಯಿತು. ನನ್ನ ಜಾಗದಲ್ಲಿ ಪಕ್ಕದ ಮನೆಯ ವಯಸ್ಸಾದವರೊಬ್ಬರು ಹೆಗಲು ಕೊಟ್ಟಿದ್ದರು, ಅವರು ಗಿಡ್ಡ, ಪೆಟ್ಟಿಗೆ ಒಂದು ಕಡೆ ವಾಲುತ್ತಿತ್ತು. ಟೋನಿ ನನ್ನನ್ನು ನೋಡಿದ. ಮೂರು ಗಂಟೆಗೆ ನಾನು ಸ್ಮಶಾನ ತಲುಪಿದಾಗ ಮಣ್ಣು ಮುಚ್ಚಿಯಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೆಚ್ಚುತ್ತಾಳೆಂದು ನನ್ನ ಲೆಕ್ಕ.

“ಥೂ ಮುಠ್ಠಾಳ!” ಎಂದಳು ಅಮ್ಮ. “ಸಾವಿನ ಮನೆಗೆ ಯಾರಾದ್ರೂ ಗಳಿಗೆ ನೋಡ್ತಾರೇನೋ? ಅದಕ್ಕೆ ಯಾವ ರಾಹುಕಾಲಾನೂ ಇಲ್ಲ ಕಣೋ!”

ರಾಹುಕಾಲವನ್ನೂ ನಾನು ಸರಿಯಾಗಿ ಕಲಿತಿರಲಿಲ್ಲ. ಗಣಿತದ ಹಾಗೆಯೇ.

ಮೂರನೆಯ ಆಲ್ಬಮ್ಮಿನ ರೆಕಾರ್ಡಿಂಗಿಗೆ ನನ್ನನ್ನು ಕರೆಯಲಿಲ್ಲ. ಅದು ಬಂದದ್ದು ಸಿ.ಡಿ.ಯಾಗಿ. ಅದರಿಂದಲೇ ಅವರು ದೇಶಕ್ಕೆಲ್ಲ ಗೊತ್ತಾದರು. ನಾನು ಅಷ್ಟರಲ್ಲಿ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಒಂದು ಶನಿವಾರ, ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿಯೊಬ್ಬಳು ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದಳು. ಎದೆಯ ಮೇಲೆ ‘ಟೆನ್ ಮಿನಿಟ್ಸ್’ ಎಂದಿತ್ತು.

“ಏನಮ್ಮಾ ಇದು?”

“ಗ್ರೇವ್ ಪರ್ಮಿಟ್ ಅವರ ಹಾಡು ಸಾರ್, ಸೂಪರ್ ಹಿಟ್. ಒಬ್ಬ ಹೇಡಿ ವಾಚ್ ನೋಡ್ಕೊಂಡು ನಿಂತಿರ್ತಾನೆ, ಅವನ ಮುಂದೆ ಹೆಣ ಹೋಗುತ್ತೆ. ಬಿಡಿ ಸಾರ್, ಇದು ಮೆಟಲ್, ನಿಮಗೆ ಅರ್ಥ ಆಗಲ್ಲ.”

ಅರ್ಥವಾಯಿತು. ಮೂರು ಆಲ್ಬಮ್ಮುಗಳಲ್ಲಿ ಮೊದಲ ಬಾರಿಗೆ ನಾನು ಸ್ಪಷ್ಟವಾಗಿ ಕೇಳಿಸುತ್ತಿದ್ದೆ!

ಕೆಲವು ವರ್ಷಗಳ ನಂತರ ನಮ್ಮೂರಿನಲ್ಲೇ ಅವರ ದೊಡ್ಡ ಕಾರ್ಯಕ್ರಮವಾಯಿತು. ಭಾನುವಾರ, ಐದೂವರೆಗೆ. ನಾಲ್ಕೂವರೆಯಿಂದ ಆರು ರಾಹುಕಾಲ.

“ಹೋಗಿ ಕ್ಷಮೆ ಕೇಳ್ಕೊಂಡ್ ಬನ್ರೀ,” ಎಂದಳು ಸುಮಾ. “ಇವತ್ತಾದ್ರೂ ಆ ವಾಚ್ ಬಿಚ್ಚಿಟ್ಟು ಹೋಗಿ.”

ಬಿಚ್ಚಿಟ್ಟೆ. ರಾಹುಕಾಲದ ನಟ್ಟನಡುವೆ ಮೈದಾನದ ಹಿಂದಿನ ಗೇಟಿಗೆ ಹೋದೆ. ಇಮ್ರಾನ್ ಗುರುತು ಹಿಡಿದು ಒಳಗೆ ಬಿಡಿಸಿದ. “ಈಗ ಟೈಮ್ ಎಷ್ಟು ಗೊತ್ತಾ ಯಾರ್?” ಎಂದು ನಗುವುದಕ್ಕೆ ನೋಡಿದ, ಆಗಲಿಲ್ಲ.

ಟೋನಿಯ ತಲೆ ನರೆತಿತ್ತು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. “ಟೋನಿ, ಆಂಟಿ...” ಎಂದೆ, ಅಷ್ಟೇ.

ಅವನು ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿಕೊಂಡ. ವೇದಿಕೆಯಿಂದ ಕರೆ ಬಂತು.

“ಒಂದ್ ಹತ್ತು ನಿಮಿಷ ನಿಂತಿರು ಸೀನಾ, ಬರ್ತೀನಿ,” ಎಂದು ಹೋದ.

ನಿಂತೆ. ಅವರ ಬಾಸ್ ನುಡಿಸುವವನು ಹೊಸಬ, ಗಿಟಾರ್ ಹಳೆಯದು, ನಾನು ಅವರಲ್ಲೇ ಬಿಟ್ಟಿದ್ದ ನನ್ನದೇ. ಅದರ ತಲೆಯ ಮೇಲೆ ನಾನಿಟ್ಟ ಕುಂಕುಮದ ಕಲೆ ಕಪ್ಪಾಗಿ ಹಾಗೇ ಇತ್ತು. ಯಾರೂ ಒರೆಸಿರಲಿಲ್ಲ. ಕೊನೆಯ ಹಾಡು ಬಂತು. ಸಾವಿರಾರು ಜನ ಒಟ್ಟಿಗೆ “ಟೆನ್ ಮಿನಿಟ್ಸ್! ಟೆನ್ ಮಿನಿಟ್ಸ್!” ಎಂದು ಕೂಗುತ್ತಿದ್ದರು. ನನಗೆ ಅಳು ಬಂತು. ಸ್ಪೀಕರಿನ ಸದ್ದಿಗೆ ಕಣ್ಣಲ್ಲಿ ನೀರು ಬಂದಿದೆಯೆಂದುಕೊಂಡು ಪಕ್ಕದವನು ನನಗೆ ಹತ್ತಿ ಕೊಟ್ಟ, ಕಿವಿಗೆ ಇಟ್ಟುಕೊಳ್ಳಲು.

ಹಾಡು ಮುಗಿಯಿತು. ದೀಪ ಬಿಚ್ಚಿದರು, ವೈರ್ ಸುತ್ತಿದರು. ಅವರ ವ್ಯಾನ್ ಇನ್ನೊಂದು ಗೇಟಿನಿಂದ ಹೋಯಿತೆಂದು ಕಾವಲಿನವನು ಹೇಳಿದ. ರಾಹುಕಾಲ ಯಾವಾಗಲೋ ಕಳೆದಿತ್ತು.

ಮನೆಗೆ ಬಂದಾಗ ಸುಮಾ ಬಾಗಿಲಲ್ಲೇ ಇದ್ದಳು. “ಮಾತಾಡಿಸಿದ್ರಾ? ಏನಂದ್ರು?”

“ಹತ್ತು ನಿಮಿಷ ನಿಂತಿರು, ಬರ್ತೀನಿ ಅಂದ.”

“ಬಂದ್ರಾ?”

“ಇಲ್ಲ,” ಎಂದೆ. “ಇನ್ನೂ ಹತ್ತು ನಿಮಿಷ ಆಗಿಲ್ಲ ಅನ್ಸುತ್ತೆ. ನಾನು ವಾಚ್ ಕಟ್ಕೊಂಡು ಹೋಗಿರಲಿಲ್ಲವಲ್ಲ!”