ಹಡಗಿನಿಂದ ಇಳಿಯದ ಶಾಂತಾ ಆಂಟಿ

ಸಿಟ್ಟು ಬಂದರೆ ಸಾಲದು, ಅದನ್ನು ಇಳಿಸಲು ಯಾರಾದರೂ ಬೇಕು. ಬಾಸ್ ಮೇಲೆ ಬಂದ ಸಿಟ್ಟನ್ನು ನಾನು ಹೈವೇಯಲ್ಲಿ ಅಡ್ಡ ಬಂದ ಟ್ರಕ್ಕಿನ ಮೇಲೆ, ಹೆಂಡತಿಯ ಮೇಲೆ ಬಂದದ್ದನ್ನು ತೆರೆಯದ ಉಪ್ಪಿನಕಾಯಿ ಬಾಟಲಿಯ ಮೇಲೆ ತೀರಿಸಿಕೊಳ್ಳುವವನು. ಆದರೆ ಆ ವರ್ಷ ಬಂದ ಸಿಟ್ಟಿಗೆ ಕಾರಣನಾದವನನ್ನು ಹಿಡಿದು ಬಯ್ಯೋಣವೆಂದರೆ, ಅವನು ದಿನಾ ಬೆಳಿಗ್ಗೆ ನನ್ನ ಕನ್ನಡಿಯಲ್ಲೇ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ.

ಆಗ ನಾನು ಅಮೆರಿಕದ ಆಸ್ಟಿನ್‌ನಲ್ಲಿ, ಅಶಕ್ತರಿಗೆ ತಿಂಗಳ ಸಹಾಯಧನ ಕೊಡುವ ಕಚೇರಿಯೊಂದಕ್ಕೆ ಕಾಂಟ್ರಾಕ್ಟ್ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದೆ. ಹಣ ಪಡೆಯುವವರು ದೇಶ ಬಿಟ್ಟು ಹೋದರೆ ದಾಖಲಿಸಬೇಕು, ಬಹಳ ದಿನ ಹೊರಗೇ ಉಳಿದರೆ ಹಣ ನಿಲ್ಲಿಸಬೇಕು ಎಂದು ನಿಯಮ. ಹೋಗುವುದಕ್ಕೆ ತಾರೀಖು ಸಾಕು, ವಾಪಸು ಬಂದದ್ದಕ್ಕೆ ಪುರಾವೆಯಾಗಿ ವಿಮಾನದ ನಂಬರು ಬೇಕೇ ಬೇಕು ಎಂದು ಅತಿಬುದ್ಧಿ ಓಡಿಸಿದವನು ನಾನು. ನಮ್ಮವರಿಗೆ ಫಾರಿನ್ ಎಂದರೆ ಏರ್‌ಪೋರ್ಟೇ. ಕಳಿಸಲು ವ್ಯಾನ್ ತುಂಬ ಜನ, ತೂಕ ಜಾಸ್ತಿಯಾಗಿ ನಡುದಾರಿಯಲ್ಲಿ ಬಿಚ್ಚಿದ ಸೂಟ್‌ಕೇಸು, ಅದರಿಂದ ಹೊರಬಿದ್ದ ಚಟ್ನಿಪುಡಿ. ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹಡಗು ಹತ್ತಿ, ಮೆಕ್ಸಿಕೋ ನೋಡಿಕೊಂಡು, ಅಲ್ಲೇ ಬಂದಿಳಿಯುವವರೂ ಇದ್ದಾರೆಂದು ನನಗೆ ಹೊಳೆಯಲೇ ಇಲ್ಲ.

ಹಾಗೆ ಹೋಗಿ ಬಂದವರು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಶಾಂತಾ ಆಂಟಿ. ಧಾರವಾಡದವರು. ಗಂಡ ತೀರಿಕೊಂಡ ಮೇಲೆ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿತ್ತು; ಸಹಾಯಧನದಲ್ಲೇ ಬಾಡಿಗೆ, ಔಷಧಿ. ಶುಗರ್ ಲ್ಯಾಂಡ್ ಎಂಬ ಊರಿನಲ್ಲಿರುವ ತಂಗಿಯ ಮಗಳು ತನ್ನ ಖರ್ಚಿನಲ್ಲಿ ನಾಲ್ಕು ದಿನ ಕ್ರೂಸ್‌ಗೆ ಕರೆದುಕೊಂಡು ಹೋಗಿದ್ದಳು. ಆಂಟಿ ಹೊರಡುವ ಮುಂಚೆ ತಾವಾಗಿಯೇ ಕಚೇರಿಗೆ ಫೋನ್ ಮಾಡಿ ತಿಳಿಸಿದ್ದರು. ಬಂದ ಮೇಲೂ ತಿಳಿಸಿದರು. ಗುಮಾಸ್ತೆ ವಿಮಾನದ ನಂಬರು ಕೇಳಿದಳು, ಆಂಟಿಯ ಬಳಿ ಇರಲಿಲ್ಲ, ಕಂಪ್ಯೂಟರು ಆಂಟಿಯನ್ನು ದಡಕ್ಕೆ ಇಳಿಸಿಕೊಳ್ಳಲಿಲ್ಲ. ಎರಡನೇ ತಿಂಗಳು ಹಣ ನಿಂತಿತು.

ಮನೆ ಖಾಲಿ ಮಾಡಿಸುವ ನೋಟಿಸು ಹಿಡಿದು ನಮ್ಮ ಮನೆಗೆ ಬಂದ ಆಂಟಿ ಅಳಲಿಲ್ಲ. ನೋಟಿಸನ್ನು ಮೇಜಿನ ಮೇಲೆ ಬಡಿದರು.

"ನಾ ಇಲ್ಲೇ ನಿಮ್ಮ ಕಣ್ಣ ಮುಂದ ಅದೀನ್ರಿ. ನಿಮ್ಮ ಆಫೀಸಿನ ಕಂಪ್ಯೂಟರ್ ನನ್ನ ಸಮುದ್ರದಾಗ ಬಿಟ್ಟು ಕೂತೈತಿ. ನಿಮ್ಮ ಮ್ಯಾಲಿನ ಮನಿ ಅಂಕಲ್ ಚಳಿಗಾಲ ಪೂರ್ತಿ ಬೆಂಗಳೂರಾಗ ಇದ್ದು ಬಂದ್ರು, ಯಾರಿಗೂ ಹೇಳಲಿಲ್ಲ, ಅವರಿಗೆ ಇದ ಆಫೀಸಿನ ರೊಕ್ಕ ಬರೋಬ್ಬರಿ ಬರ್ತಾವ."

ನಾನು ಏನೂ ತಿಳಿಯದವನಂತೆ ತಲೆಯಾಡಿಸಿದೆ. ನಾಳೆಯೇ ಸರಿಮಾಡಿಸುತ್ತೇನೆ ಎಂದೆ.

ಮರುದಿನ ಮೀಟಿಂಗಿನಲ್ಲಿ ವಿಷಯ ಎತ್ತಿದರೆ ಬಾಸ್ ನಕ್ಕ. ಸರ್ಕಾರದ ದುಡ್ಡು ತಿನ್ನುವವರಿಗೆ ಕ್ರೂಸ್ ಬೇರೆ ಕೇಡು ಎಂಬರ್ಥದ ಮಾತಾಡಿ, ಮುಂದಿನ ಕ್ವಾರ್ಟರಿನಲ್ಲಿ ನೋಡೋಣ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಬಿದ್ದುಹೋದ ಹೆಂಗಸು ನಾಲ್ಕು ದಿನ ಸಮುದ್ರ ನೋಡಿದರೆ ಇವನ ಗಂಟೇನು ಹೋಯಿತು? ಎದ್ದು ನಿಂತು ಬಾಯಿಗೆ ಬಂದಂತೆ ಕೂಗಾಡಿದೆ. ಅರ್ಧ ಇಂಗ್ಲಿಷಿನಲ್ಲಿ ಶುರುವಾದದ್ದು ಪೂರ್ತಿ ಕನ್ನಡದಲ್ಲಿ ಮುಗಿಯಿತು. ಅರ್ಥವಾಗದಿದ್ದುದರಿಂದಲೇ ಎಲ್ಲರೂ ಹೆದರಿರಬೇಕು. ಸಂಜೆಯೊಳಗೆ ತಿದ್ದಲು ಅಪ್ಪಣೆ ಸಿಕ್ಕಿತು, ನಾಲ್ಕೈದು ದಿನದಲ್ಲಿ ಆಂಟಿಯ ಹಣವೂ ಬಂತು, ಮನೆಯೂ ಉಳಿಯಿತು.

ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ಆಂಟಿಯ ಮನೆಗೆ ಹೋದೆ. ಇನ್ನು ಹಡಗಿನಲ್ಲಿ ಹೋದರೂ ಧೈರ್ಯವಾಗಿ ಹೇಳಬಹುದು ಎಂದೆ. ಆಂಟಿ ಚಹಾ ಕೊಡುತ್ತಾ ಮೆಲ್ಲಗೆ ಅಂದರು: "ಇಲ್ರೀ, ಇನ್ನ ಮ್ಯಾಲೆ ನಾ ಯಾರಿಗೂ ಏನೂ ಹೇಳಂಗಿಲ್ಲ."

ವರ್ಷ ಕಳೆಯಿತು. ವಿದೇಶಕ್ಕೆ ಹೋಗುತ್ತೇವೆಂದು ತಿಳಿಸುವವರು ತೀರಾ ಕಡಿಮೆಯಾಗಿದ್ದಾರೆ, ನಮ್ಮ ಪ್ರೋಗ್ರಾಂನ ಬಿಗಿ ನೋಡಿ ಜನ ತಿರುಗಾಟವನ್ನೇ ಬಿಟ್ಟಿದ್ದಾರೆ ಎಂದು ಬಾಸ್ ಮೀಟಿಂಗಿನಲ್ಲಿ ಹೆಮ್ಮೆಪಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಾಂಟ್ರಾಕ್ಟ್ ಇನ್ನೊಂದು ವರ್ಷ ಮುಂದುವರಿಯಿತು. ಅದೇ ವಾರ ಶಾಂತಾ ಆಂಟಿ ಮತ್ತೆ ಕ್ರೂಸ್‌ಗೆ ಹೊರಟರು. ಅವರ ಸೂಟ್‌ಕೇಸು ಹೊತ್ತು ಕಾರಿಗಿಟ್ಟವನು ನಾನೇ, ಕಚೇರಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತವನೂ ನಾನೇ.